ಮುಖ ನೀರಿಗೆ ಇಡಿ, ಆಮೇಲೆ ಕೈಕಾಲು: ಹೊಸಬರಿಗೆ ಬ್ರೆಸ್ಟ್‌ಸ್ಟ್ರೋಕ್ (ಕಪ್ಪೆ ಈಜು)

ಯುಗಾದಿ ಮುಗಿದು ಬಿಸಿಲು 40 ಡಿಗ್ರಿ ದಾಟಿತು ಅಂದ್ರೆ ಸಾಕು, ಕಲಬುರಗಿಯಲ್ಲಿ ಅದೇ ಪ್ರಶ್ನೆಗಳು ಮತ್ತೆ ಶುರುವಾಗುತ್ತವೆ. "ಮೂವತ್ತೈದು ದಾಟಿದೆ, ಈಗ ಈಜು ಬರುತ್ತಾ?" "ಬ್ರೆಸ್ಟ್‌ಸ್ಟ್ರೋಕ್‌ನಿಂದಲೇ ಶುರು ಮಾಡಬಹುದಾ?" "ಎಷ್ಟು ಒದ್ದರೂ ಇದ್ದಲ್ಲೇ ಇರ್ತೀನಿ, ಯಾಕೆ?" ಒಬ್ಬೊಬ್ಬರಿಗೆ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲ ಎರಡು ಪ್ರಶ್ನೆಗೆ ಉತ್ತರ: ಬರುತ್ತೆ, ಮಾಡಬಹುದು. ಮೂರನೆಯದಕ್ಕೆ ಉತ್ತರ ಸ್ವಲ್ಪ ಉದ್ದ. ನಮ್ಮ ಕಡೆ ದೊಡ್ಡವರು ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಒದ್ದಾಡಲು ಮುಖ್ಯ ಕಾರಣ ಕಾಲಲ್ಲ, ತಲೆ. ಮುಖ ನೀರಿಗೆ ಇಡುವುದೇ ಇಲ್ಲ. ತಲೆ ಎತ್ತಿದರೆ ಸೊಂಟ ಕೆಳಗೆ ಹೋಗುತ್ತದೆ, ಸೊಂಟ ಇಳಿದರೆ ಕಾಲು ಅದಕ್ಕಿಂತ ಕೆಳಗೆ ಇಳಿಯುತ್ತದೆ, ಆಮೇಲೆ ನೀವು ಒದ್ದಿದ್ದೆಲ್ಲ ಮುಳುಗದೆ ಇರುವುದಕ್ಕೇ ಖರ್ಚಾಗಿ ಮುಂದೆ ಹೋಗಲು ಏನೂ ಉಳಿಯುವುದಿಲ್ಲ. ಹೊಲದ ಬಾವಿಯಲ್ಲಿ ಬೆಂಡು ಕಟ್ಟಿಕೊಂಡೋ, ಖಾಲಿ ಎಣ್ಣೆ ಕ್ಯಾನ್ ಕಟ್ಟಿಕೊಂಡೋ ಈಸು ಕಲಿತವರಲ್ಲಿ ಇದು ಇನ್ನೂ ಜಾಸ್ತಿ. ಅವರಿಗೆ ನೀರಿನ ಹೆದರಿಕೆ ಇರುವುದಿಲ್ಲ, ಅದು ದೊಡ್ಡ ಆಸ್ತಿ. ಆದರೆ ಕತ್ತು ಎತ್ತಿಕೊಂಡೇ ಈಜುತ್ತಾರೆ, ಕೊಳದ ಒಂದು ಉದ್ದ ಮುಗಿಸುವಷ್ಟರಲ್ಲಿ ಏದುಸಿರು ಬಿಡುತ್ತಾರೆ. ಅಂಥವರೂ ದಯವಿಟ್ಟು ಕೆಳಗಿನ ಹಂತ 1ರಿಂದಲೇ ಶುರು ಮಾಡಿ. ಬೇಜಾರಾಗುತ್ತೆ, ಗೊತ್ತು.

ಬ್ರೆಸ್ಟ್‌ಸ್ಟ್ರೋಕ್ ಅಂದ್ರೆ ನಮ್ಮ ಮಾತಿನಲ್ಲಿ ಕಪ್ಪೆ ಈಜು. ಎದೆ ಕೆಳಗೆ, ಎರಡೂ ಕೈ ಒಟ್ಟಿಗೆ, ಎರಡೂ ಕಾಲು ಒಟ್ಟಿಗೆ. ಸ್ಪರ್ಧೆಯಲ್ಲಿರುವ ನಾಲ್ಕು ಶೈಲಿಗಳಲ್ಲಿ ಎಲ್ಲಕ್ಕಿಂತ ನಿಧಾನದ್ದು ಇದೇ. ಗಂಡಸರ 100 ಮೀಟರ್ ಫ್ರೀಸ್ಟೈಲ್‌ನಲ್ಲಿ (ಒಂದಾದ ಮೇಲೊಂದು ಕೈ ಬೀಸಿ ಈಜುವುದು) ಚೀನಾದ ಪಾನ್ ಝಾನ್‌ಲೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 46.40 ಸೆಕೆಂಡಿನಲ್ಲಿ ಮುಟ್ಟಿದರು. ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಬ್ರಿಟನ್ನಿನ ಆಡಮ್ ಪೀಟಿ 2019ರಲ್ಲಿ ಮಾಡಿದ ವಿಶ್ವದಾಖಲೆ 56.88 ಸೆಕೆಂಡು. ಅಂದ್ರೆ ಹತ್ತು ಸೆಕೆಂಡು ಹಿಂದೆ. ಆದರೆ ದೂರಕ್ಕೆ ಇದು ಒಳ್ಳೆಯ ಈಜು. 1875ರಲ್ಲಿ ಮ್ಯಾಥ್ಯೂ ವೆಬ್ ಇಂಗ್ಲಿಷ್ ಕಾಲುವೆಯನ್ನು ಸುಮಾರು 22 ಗಂಟೆ ಈಜಿ ದಾಟಿದ್ದು ಬ್ರೆಸ್ಟ್‌ಸ್ಟ್ರೋಕ್‌ನಲ್ಲೇ. ಹೊಸಬರಿಗೆ ಇದರ ಲಾಭ ಬೇರೆ: ಉಸಿರು ಮುಂದಕ್ಕೆ ತೆಗೆದುಕೊಳ್ಳುತ್ತೀರಿ, ಪಕ್ಕಕ್ಕೆ ಕತ್ತು ತಿರುಗಿಸುವ ತಲೆನೋವಿಲ್ಲ, ಎದುರಿಗೆ ಯಾರು ಬರುತ್ತಿದ್ದಾರೆ ಅಂತಲೂ ಕಾಣುತ್ತದೆ.

ಎಲ್ಲಿ ಕಲಿಯಬೇಕು, ಎಲ್ಲಿ ಕಲಿಯಬಾರದು

ಈಜುಕೊಳದಲ್ಲಿ ಕಲಿಯಿರಿ. ಎದೆಮಟ್ಟದ ನೀರು, ತಳ ಕಾಣುವ ನೀರು, ದಡದಲ್ಲಿ ಈಜು ಬಲ್ಲ ಕೋಚ್ ಅಥವಾ ಲೈಫ್‌ಗಾರ್ಡ್. ಲೈಫ್‌ಗಾರ್ಡ್ ಅಂದ್ರೆ ಮುಳುಗುವವರನ್ನು ಎತ್ತಲು ತರಬೇತಿ ಪಡೆದವರು, ಚೀಟಿ ಹರಿಯುವವರಲ್ಲ. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ವಾಪಸ್ ಬನ್ನಿ.

ಶಹಾಬಾದ್, ಚಿತ್ತಾಪುರ, ಸೇಡಂ ಕಡೆಯ ಪರ್ಸಿ (ಹಾಸುಗಲ್ಲು) ಖಣಿಗಳಲ್ಲಿ ಬೇಡವೇ ಬೇಡ. ಕಲ್ಲು ತೆಗೆದ ಗುಂಡಿಗೆ ಮಳೆನೀರು ತುಂಬಿ ನೋಡಲು ನೀಲಿಯಾಗಿ ಚೆನ್ನಾಗಿರುತ್ತದೆ. ಆದರೆ ಗೋಡೆ ನೆಟ್ಟಗೆ ಕತ್ತರಿಸಿದ್ದು. ಒಂದು ಹೆಜ್ಜೆಗೆ ಮೊಣಕಾಲು ನೀರು, ಮುಂದಿನ ಹೆಜ್ಜೆಗೆ ನೆಲವೇ ಇಲ್ಲ. ಹಿಡಿದು ಮೇಲೆ ಬರಲು ಅಂಚೂ ಸಿಗುವುದಿಲ್ಲ. ಭೀಮಾ ನದಿಯಲ್ಲಿ ಮರಳು ತೆಗೆದ ಗುಂಡಿಗಳಿವೆ, ಮೇಲಿನ ಬ್ಯಾರೇಜಿನಿಂದ ನೀರು ಬಿಟ್ಟರೆ ಸೆಳೆತ ಏಕಾಏಕಿ ಏರುತ್ತದೆ. ಯಾದಗಿರಿ ಜಿಲ್ಲೆಯವರು ನಾರಾಯಣಪುರ ಕಾಲುವೆಗೆ ಇಳಿಯುತ್ತಾರೆ, ಅದು ಇನ್ನೂ ಮೋಸ. ಸಿಮೆಂಟಿನ ಇಳಿಜಾರಿಗೆ ಪಾಚಿ ಹಿಡಿದಿರುತ್ತದೆ, ಇಳಿದವರಿಗೆ ಹತ್ತಲು ಆಗುವುದಿಲ್ಲ. ಬೀದರ್‌ನವರಿಗೆ ಕಾರಂಜಾ ಹಿನ್ನೀರಿನ ಬಗ್ಗೆಯೂ ಇದೇ ಮಾತು: ತಳದ ಕೆಸರಿನಲ್ಲಿ ಕಾಲು ಹೂತರೆ ಎಂಥ ಈಜೂ ಕೆಲಸಕ್ಕೆ ಬರುವುದಿಲ್ಲ.

ಇದರ ಜೊತೆಗೇ ಒಂದು ಮಾತು. ಒಂದು ತಿಂಗಳು ಈಜು ಕಲಿತವರು ಮುಳುಗುವವರನ್ನು ಉಳಿಸಲು ಹಾರಬೇಡಿ. ಮುಳುಗುವವನು ಸಿಕ್ಕಿದ್ದನ್ನು ತಬ್ಬಿಕೊಳ್ಳುತ್ತಾನೆ, ಇಬ್ಬರೂ ಹೋಗುತ್ತೀರಿ. ದಡದಿಂದಲೇ ಹಗ್ಗ, ಪಂಚೆ, ಸೀರೆ, ಮುಚ್ಚಳ ಬಿಗಿದ ಖಾಲಿ ಕ್ಯಾನ್ ಎಸೆಯಿರಿ. ಕೂಗಿ ಜನ ಕರೆಯಿರಿ, 112ಕ್ಕೆ ಫೋನ್ ಮಾಡಿ. ಮೇಲೆ ತಂದಾಗ ಉಸಿರಾಟ ಇಲ್ಲದಿದ್ದರೆ ಕಾಲು ಹಿಡಿದು ತಲೆಕೆಳಗೆ ಮಾಡುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು, ವಾಟ್ಸಾಪ್‌ನಲ್ಲಿ ಬರುವಂತೆ ಉಪ್ಪಿನಲ್ಲಿ ಮಲಗಿಸುವುದು, ಇದ್ಯಾವುದೂ ಉಪಯೋಗವಿಲ್ಲ, ಸುಮ್ನೆ ಸಮಯ ಹಾಳು. ಅಂಗಾತ ಮಲಗಿಸಿ, ಗದ್ದ ಎತ್ತಿ, ಮೂಗು ಹಿಡಿದು ಬಾಯಿಗೆ ಬಾಯಿ ಇಟ್ಟು ಎರಡು ಸಲ ಗಾಳಿ ಊದಿ. ಆಮೇಲೆ ಎದೆಯ ನಡುವೆ ಜೋರಾಗಿ, ಬೇಗ ಬೇಗ 30 ಸಲ ಒತ್ತಿ. ಮತ್ತೆ 2 ಉಸಿರು, ಮತ್ತೆ 30 ಒತ್ತು. ಆಂಬುಲೆನ್ಸ್ ಬರುವವರೆಗೂ ನಿಲ್ಲಿಸಬೇಡಿ.

ಏನೇನು ಬೇಕು

ಗಾಗಲ್ಸ್ ಕಡ್ಡಾಯ ಅಂತಲೇ ಇಟ್ಟುಕೊಳ್ಳಿ. ನೀರಲ್ಲಿ ಕಣ್ಣು ಬಿಡಲಾಗದಿದ್ದರೆ ನೀವು ತಲೆ ಎತ್ತಿಯೇ ಎತ್ತುತ್ತೀರಿ. ಅಂಗಡಿಯಲ್ಲಿ ಪಟ್ಟಿ ಹಾಕದೆ ಬರೀ ಕಣ್ಣಿಗೆ ಒತ್ತಿ ನೋಡಿ. ಒಂದೆರಡು ಕ್ಷಣ ತಾನಾಗಿ ಅಂಟಿಕೊಂಡರೆ ಅದು ನಿಮ್ಮ ಮುಖಕ್ಕೆ ಸರಿ. ಕನ್ನಡಕದವರಿಗೆ ಪವರ್ ಇರುವ ಗಾಗಲ್ಸ್ ಸಿಗುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ಇಳಿಯಬೇಡಿ.

ಬಟ್ಟೆ ನೈಲಾನ್ ಅಥವಾ ಪಾಲಿಯೆಸ್ಟರ್‌ದು ಇರಲಿ. ಹತ್ತಿಯ ಬರ್ಮುಡಾ, ಬನಿಯನ್ ನೀರು ಕುಡಿದು ಭಾರವಾಗಿ ಹಿಂದಕ್ಕೆ ಎಳೆಯುತ್ತವೆ. ಹೆಣ್ಣುಮಕ್ಕಳು ಕೇಳುವ ಪ್ರಶ್ನೆ ಇದು: ಪೂರ್ತಿ ತೋಳು, ಪೂರ್ತಿ ಕಾಲು ಮುಚ್ಚುವ ಈಜುಡುಗೆ ಸಿಗುತ್ತದೆ, ಅದರಲ್ಲಿ ಬ್ರೆಸ್ಟ್‌ಸ್ಟ್ರೋಕ್ ಆರಾಮಾಗಿ ಆಗುತ್ತದೆ. ಈಜುವ ಬಟ್ಟೆಯದೇ ಆಗಿರಬೇಕು ಅಷ್ಟೇ, ಚೂಡಿದಾರ್ ಅಲ್ಲ. ಲೇಡೀಸ್ ಬ್ಯಾಚ್ ಯಾವ ಹೊತ್ತಿಗೆ ಎಂದು ಹಣ ಕಟ್ಟುವ ಮೊದಲೇ ಕೇಳಿಕೊಳ್ಳಿ.

ಕಿಕ್‌ಬೋರ್ಡ್ ಅಂದ್ರೆ ಕೈಯಲ್ಲಿ ಹಿಡಿದುಕೊಳ್ಳುವ ಫೋಮ್ ಹಲಗೆ. ಇದು ಸಾಮಾನ್ಯವಾಗಿ ಕೊಳದಲ್ಲೇ ಇರುತ್ತದೆ. ಸೊಂಟಕ್ಕೆ ಟ್ಯೂಬ್ ಮಾತ್ರ ಬೇಡ. ಅದು ನಿಮ್ಮನ್ನು ನೆಟ್ಟಗೆ ನಿಲ್ಲಿಸುತ್ತದೆ, ನಾವು ಕಲಿಯಬೇಕಿರುವುದು ಮಲಗುವುದನ್ನು.

ಫಿಟ್ಸ್ ಇರುವವರು, ಹೃದಯದ ತೊಂದರೆ ಇರುವವರು, ಕಿವಿ ಸೋರುವವರು ಡಾಕ್ಟರನ್ನು ಕೇಳದೆ ಇಳಿಯಬೇಡಿ. ಮೊಣಕಾಲು ನೋವಿರುವವರೂ ಕೇಳಿ, ಏಕೆಂದರೆ ಈ ಒದೆತ ಮೊಣಕಾಲಿನ ಒಳಬದಿಗೆ ಭಾರ ಹಾಕುತ್ತದೆ. ಇಳಿಯುವ ಮೊದಲು ಷವರ್ ತೆಗೆದುಕೊಳ್ಳಿ. ಕಣ್ಣು ಉರಿಯೋದು ಬರೀ ಕ್ಲೋರಿನ್‌ನಿಂದ ಅಂದುಕೊಳ್ಳುತ್ತಾರೆ. ಅಸಲಿಗೆ ಬೆವರು, ಮೂತ್ರ ಕ್ಲೋರಿನ್ ಜೊತೆ ಸೇರಿ ಆಗುವ ಕ್ಲೋರಮೈನ್ ಎಂಬ ವಸ್ತುಗಳೇ ಜಾಸ್ತಿ ಉರಿಸುತ್ತವೆ. ಮಿಕ್ಕಿದ್ದು ನೀವೇ ಅರ್ಥಮಾಡಿಕೊಳ್ಳಿ.

ಹೊತ್ತು ಯಾವುದು? ಏಪ್ರಿಲ್, ಮೇನಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ. ಹಾಗಾಗಿ ಊಟ ಮುಗಿಸಿ ಮೂರಕ್ಕೆ ಕೊಳಕ್ಕೆ ಹೋಗೋಣ ಅನ್ನುವವರಿದ್ದಾರೆ. ಮೇಲೆ ತೆರೆದ ಕೊಳವಾದರೆ ಬೇಡ. ಆ ಹೊತ್ತಿಗೆ ದಡದ ಕಲ್ಲಿನ ಮೇಲೆ ಚಪ್ಪಲಿ ಇಲ್ಲದೆ ನಾಲ್ಕು ಹೆಜ್ಜೆ ಇಡಲಾಗಲ್ಲ, ನೀರಿನೊಳಗಿದ್ದರೂ ಬೆನ್ನು ಸುಡುತ್ತದೆ. ಬೆಳಿಗ್ಗೆ 6 ಅಥವಾ ಸಂಜೆ 5ರ ನಂತರ ಹೋಗಿ. ಈಜುವಾಗಲೂ ಬೆವರು ಹೋಗುತ್ತದೆ, ಗೊತ್ತಾಗಲ್ಲ ಅಷ್ಟೇ. ನೀರಿನ ಬಾಟಲಿ ದಡದಲ್ಲಿಡಿ. ಎರಡು ರೊಟ್ಟಿ, ಹೊಟ್ಟೆ ತುಂಬ ಪುಂಡಿಪಲ್ಯ ತಿಂದು ನೇರ ಬರಬೇಡಿ, ಉಸಿರು ಹಿಡಿಯಲು ಕಷ್ಟ. ಒಂದು ಬಾಳೆಹಣ್ಣು ಸಾಕು.

ಹಂತ 1: ಉಸಿರು

ಎದೆಮಟ್ಟದ ನೀರಲ್ಲಿ ದಡ ಹಿಡಿದು ನಿಲ್ಲಿ. ಬಾಯಿಂದ ಉಸಿರು ತೆಗೆದುಕೊಂಡು ಮುಖ ಪೂರ್ತಿ ಮುಳುಗಿಸಿ. ಕಿವಿಯೂ ಒಳಗೆ. ಈಗ ಮೂಗು, ಬಾಯಿ ಎರಡರಿಂದಲೂ ನಿಧಾನವಾಗಿ ಗಾಳಿ ಬಿಡಿ, ಗುಳ್ಳೆ ಬರಬೇಕು. ಗಾಳಿ ಖಾಲಿಯಾಗುವ ಹೊತ್ತಿಗೆ ಮುಖ ಎತ್ತಿ, ಬಾಯಿಂದ ಎಳೆದುಕೊಳ್ಳಿ, ತಕ್ಷಣ ಮತ್ತೆ ಒಳಗೆ.

ಹೆಚ್ಚಿನವರು ಉಸಿರನ್ನು ಒಳಗೆ ಬಿಗಿಹಿಡಿದು, ಮೇಲೆ ಬಂದ ಮೇಲೆ ಬಿಡುತ್ತಾರೆ. ಆಗ ಬಿಡುವುದಕ್ಕೇ ಸಮಯ ಹೋಗಿ ಎಳೆದುಕೊಳ್ಳಲು ಸಮಯ ಸಾಲುವುದಿಲ್ಲ. ಬಿಡುವುದು ನೀರೊಳಗೆ, ತೆಗೆದುಕೊಳ್ಳುವುದು ನೀರ ಮೇಲೆ. ಇದನ್ನು ನಿಲ್ಲದೆ ಇಪ್ಪತ್ತು ಸಲ ಗಾಬರಿಯಿಲ್ಲದೆ ಮಾಡುವವರೆಗೆ ಮುಂದೆ ಹೋಗಬೇಡಿ. ಎರಡು ದಿನ ಇದೇ ಆದರೂ ಪರವಾಗಿಲ್ಲ. ಪಕ್ಕದಲ್ಲಿ ಆರು ವರ್ಷದ ಹುಡುಗ ಹಾರಿ ಹಾರಿ ಈಜುತ್ತಿರುತ್ತಾನೆ, ನೋಡಬೇಡಿ.

ಒಂದು ಎಚ್ಚರಿಕೆ. ನೀರೊಳಗೆ ಯಾರು ಜಾಸ್ತಿ ಹೊತ್ತು ಇರುತ್ತಾರೆ ಎಂಬ ಪಂದ್ಯ ಕಟ್ಟಬೇಡಿ. ಅದಕ್ಕಾಗಿ ಮೊದಲೇ ಜೋರಾಗಿ ಹತ್ತಾರು ಸಲ ಉಸಿರಾಡಿ ಇಳಿಯುವುದು ಇನ್ನೂ ಅಪಾಯ. ಹಾಗೆ ಮಾಡಿದರೆ ಉಸಿರು ಬೇಕು ಎಂದು ಮೈ ಹೇಳುವ ಮೊದಲೇ ಪ್ರಜ್ಞೆ ತಪ್ಪಬಹುದು.

ಹಂತ 2: ತೇಲುವುದು, ಎದ್ದು ನಿಲ್ಲುವುದು

ಎರಡನೆಯದೇ ಮುಖ್ಯ. ತೇಲಲು ಹೆದರುವವರಿಗೆ ನಿಜವಾದ ಹೆದರಿಕೆ ತೇಲುವುದರದ್ದಲ್ಲ, ಮತ್ತೆ ನಿಲ್ಲೋದು ಹೇಗೆ ಅನ್ನುವುದರದ್ದು.

ಉಸಿರು ತುಂಬಿಕೊಂಡು ಮುಖ ಒಳಗಿಟ್ಟು ಎರಡೂ ಮೊಣಕಾಲನ್ನು ಎದೆಗೆ ತಬ್ಬಿಕೊಳ್ಳಿ. ಮೊದಲು ಸ್ವಲ್ಪ ಇಳಿಯುತ್ತೀರಿ, ಆಮೇಲೆ ಬೆನ್ನು ತಾನಾಗಿ ಮೇಲೆ ಬರುತ್ತದೆ. ಶ್ವಾಸಕೋಶದಲ್ಲಿ ಗಾಳಿ ಇರುವವರೆಗೆ ಹೆಚ್ಚಿನವರು ಮುಳುಗುವುದಿಲ್ಲ ಎಂದು ಮೈಗೆ ಗೊತ್ತಾಗಬೇಕಾದದ್ದು ಇಲ್ಲೇ. ಈಗ ಎರಡೂ ಅಂಗೈಯಿಂದ ನೀರನ್ನು ಕೆಳಕ್ಕೆ ಒತ್ತಿ, ಪಾದ ನೆಲಕ್ಕೆ ಇಡಿ, ಪಾದ ಊರಿದ ಮೇಲೆ ತಲೆ ಎತ್ತಿ. ಕ್ರಮ ತಪ್ಪಿಸಬೇಡಿ. ಮೊದಲು ತಲೆ ಎತ್ತಿದರೆ ಕಾಲು ನೆಲಕ್ಕೆ ಸಿಗದೆ ಒದ್ದಾಡುತ್ತೀರಿ, ನೀರು ಕುಡಿಯುತ್ತೀರಿ.

ಇದು ಬಂದ ಮೇಲೆ ಕೈಕಾಲು ಚಾಚಿ ಬೋರಲು ತೇಲಿ, ಆಮೇಲೆ ಅಂಗಾತ ತೇಲಿ. ಅಂಗಾತ ತೇಲುವುದು ಬ್ರೆಸ್ಟ್‌ಸ್ಟ್ರೋಕ್‌ಗೆ ಬೇಕಿಲ್ಲ, ಆದರೆ ಸುಸ್ತಾದಾಗ ಜೀವ ಉಳಿಸುವುದು ಅದೇ. ತೆಳ್ಳಗಿನವರಿಗೆ, ಕಾಲಿನ ಸ್ನಾಯು ಗಟ್ಟಿ ಇರುವವರಿಗೆ ಕಾಲು ಇಳಿಯುತ್ತದೆ. ಹೊಟ್ಟೆ ಇರುವವರು ಚೆನ್ನಾಗಿ ತೇಲುತ್ತಾರೆ. ಇದೊಂದು ಕಡೆ ನಮಗೆ ಅನುಕೂಲ, ಅಲ್ವಾ!

ಹಂತ 3: ಜಾರುವುದು

ಗೋಡೆಗೆ ಬೆನ್ನು ಹಾಕಿ ನಿಂತು, ಎರಡೂ ಕೈ ಕಿವಿಗೆ ಒತ್ತಿ ಮುಂದೆ ಚಾಚಿ, ಮುಖ ಒಳಗಿಟ್ಟು ಕಾಲಿನಿಂದ ಗೋಡೆ ತಳ್ಳಿ. ಏನೂ ಮಾಡದೆ ಹೋಗುವಷ್ಟು ದೂರ ಹೋಗಿ. ಇದನ್ನು ಗ್ಲೈಡ್ ಅನ್ನುತ್ತಾರೆ. ಕಣ್ಣು ತಳದ ಕಡೆಗಿರಲಿ, ಎದುರು ಗೋಡೆಗಲ್ಲ. ತಳದ ಟೈಲ್ಸ್ ಎಣಿಸಿ, ದಿನದಿನಕ್ಕೆ ಎರಡು ಟೈಲ್ಸ್ ಜಾಸ್ತಿ ಹೋದರೆ ನೀವು ನೆಟ್ಟಗಾಗುತ್ತಿದ್ದೀರಿ ಎಂದರ್ಥ. ಇದಕ್ಕಿಂತ ಜಾಸ್ತಿ ಹೇಳಲು ಇಲ್ಲಿ ಏನಿಲ್ಲ, ಮಾಡಬೇಕು ಅಷ್ಟೇ.

ಹಂತ 4: ಕಾಲು

ಇಲ್ಲಿ ನಿಲ್ಲಿ. ಬ್ರೆಸ್ಟ್‌ಸ್ಟ್ರೋಕ್ ಕಲಿಯುವ ಸಮಯದಲ್ಲಿ ಅರ್ಧ ಹೋಗುವುದು ಇಲ್ಲೇ. ಫ್ರೀಸ್ಟೈಲ್‌ನಲ್ಲಿ ಕೈ ಎಳೆಯುತ್ತದೆ, ಇದರಲ್ಲಿ ಮುಂದೆ ತಳ್ಳುವ ದೊಡ್ಡ ಪಾಲು ಕಾಲಿನದು.

ಮೊದಲು ದಡದಲ್ಲಿ ಕುಳಿತು ಕಾಲು ನೀರಲ್ಲಿ ಬಿಟ್ಟು ಮಾಡಿ. ಯಾಕಂದ್ರೆ ಇಲ್ಲಿ ನಿಮ್ಮ ಪಾದ ನಿಮಗೇ ಕಾಣುತ್ತದೆ, ಬೋರಲಾದ ಮೇಲೆ ಕಾಣುವುದಿಲ್ಲ. ನಾಲ್ಕು ಭಾಗ:

1. ಮಡಚು. ಎರಡೂ ಹಿಮ್ಮಡಿಯನ್ನು ಕುಂಡೆಯ ಕಡೆಗೆ ಎಳೆದುಕೊಳ್ಳಿ. ಮೊಣಕಾಲು ಸೊಂಟದಷ್ಟು ಅಗಲ, ಹೆಚ್ಚೆಂದರೆ ಸ್ವಲ್ಪ ಜಾಸ್ತಿ. ನಿಧಾನವಾಗಿ.

2. ತಿರುಗಿಸು. ಪಾದವನ್ನು ಮೇಲಕ್ಕೆ, ಮೊಣಕಾಲಿನ ಕಡೆಗೆ ಮಡಚಿ, ಬೆರಳುಗಳನ್ನು ಹೊರಗೆ ತಿರುಗಿಸಿ. ಎಡ ಪಾದ ಎಡಕ್ಕೆ, ಬಲ ಪಾದ ಬಲಕ್ಕೆ. ಇಡೀ ಒದೆತದ ಗುಟ್ಟು ಈ ಒಂದು ತಿರುವಿನಲ್ಲಿದೆ.

3. ಒದೆ. ಪಾದದ ಒಳಬದಿಯಿಂದ, ಕಣಕಾಲಿನ ಒಳಬದಿಯಿಂದ ನೀರನ್ನು ಹಿಂದಕ್ಕೆ ತಳ್ಳಿ. ಹೊರಗೆ, ಹಿಂದೆ, ಒಳಗೆ, ಹೀಗೆ ಅರ್ಧ ಸುತ್ತು. ಇದು ಜೋರಾಗಿರಬೇಕು.

4. ಸೇರಿಸು. ಕಾಲು ನೇರ, ಎರಡೂ ಪಾದ ಜೊತೆಗೆ, ಬೆರಳು ಹಿಂದಕ್ಕೆ ಚಾಚಿ. ಒಂದು ಕ್ಷಣ ಸುಮ್ಮನಿರಿ.

ದಡದಲ್ಲಿ ಕುಳಿತು ಬಂದ ಮೇಲೆ ಗೋಡೆ ಹಿಡಿದು ಬೋರಲಾಗಿ ಮಾಡಿ. ಜೊತೆಗಿರುವವರಿಗೆ ನಿಮ್ಮ ಪಾದ ಹಿಡಿದು ಹೊರಗೆ ತಿರುಗಿಸಲು ಹೇಳಿ. ಅವರ ಅಂಗೈಯನ್ನು ಪಾದದ ಒಳಬದಿಯಿಂದ ಒತ್ತಿ ತಳ್ಳಿದಾಗ ನೀರು ಎಲ್ಲಿ ಹಿಡಿಯಬೇಕು ಎಂದು ಚರ್ಮಕ್ಕೇ ಗೊತ್ತಾಗುತ್ತದೆ. ಆಮೇಲೆ ಕಿಕ್‌ಬೋರ್ಡ್ ಹಿಡಿದು ಉದ್ದಕ್ಕೂ ಹೋಗಿ. ಮನೆಯಲ್ಲಿ ಮಂಚದ ಅಂಚಿಗೆ ಬೋರಲು ಮಲಗಿಯೂ ಮಾಡಬಹುದು, ಕನ್ನಡಿ ಇದ್ದರೆ ಇನ್ನೂ ಒಳ್ಳೆಯದು.

ಎಲ್ಲರೂ ಎಡವುವ ಜಾಗಗಳು:

ಪಾದ ತಿರುಗುವುದೇ ಇಲ್ಲ. ಬೆರಳು ಹಿಂದಕ್ಕೆ ಚಾಚಿಕೊಂಡೇ ಒದೆಯುತ್ತೀರಿ, ನೀರು ಪಾದದ ಪಕ್ಕದಿಂದ ಜಾರಿಹೋಗುತ್ತದೆ. "ಎಷ್ಟು ಒದ್ದರೂ ಇದ್ದಲ್ಲೇ" ಅನ್ನುವವರು ತಲೆಯನ್ನು ಸರಿ ಮಾಡಿಕೊಂಡ ಮೇಲೂ ಇದ್ದಲ್ಲೇ ಇದ್ದರೆ, ಕಾರಣ ಇದು. ದಿನಾ ಐದು ನಿಮಿಷ ಹಿಮ್ಮಡಿಯ ಮೇಲೆ, ಬೆರಳು ಹೊರಗೆ ತಿರುಗಿಸಿ ಮನೆಯಲ್ಲಿ ನಡೆಯಿರಿ. ಮನೆಯವರು ನಗುತ್ತಾರೆ, ನಗಲಿ.

ಕತ್ತರಿ ಒದೆತ. ಒಂದು ಪಾದ ತಿರುಗಿರುತ್ತದೆ, ಇನ್ನೊಂದು ತಿರುಗಿರುವುದಿಲ್ಲ. ಮೈ ಒಂದು ಕಡೆಗೆ ವಾಲುತ್ತದೆ. ಸ್ಪರ್ಧೆಯಲ್ಲಾದರೆ ಅನರ್ಹ ಮಾಡುತ್ತಾರೆ, ಎರಡೂ ಪಾದ ಹೊರಗೆ ತಿರುಗಿರಲೇಬೇಕು ಎಂಬುದು ನಿಯಮ. ಇದು ಅಂಟಿಕೊಂಡ ಮೇಲೆ ಬಿಡಿಸುವುದು ಬಹಳ ಕಷ್ಟ, ಆದ್ದರಿಂದ ಮೊದಲ ವಾರದಲ್ಲೇ ಯಾರಿಗಾದರೂ ಹಿಂದಿನಿಂದ ನೋಡಿ ಹೇಳಲು ಹೇಳಿ.

ಮೊಣಕಾಲನ್ನು ಹೊಟ್ಟೆಯ ಕೆಳಗೆ ಎಳೆದುಕೊಳ್ಳುವುದು. ಆಗ ತೊಡೆ ನೀರಿಗೆ ಅಡ್ಡ ನಿಂತು ಬ್ರೇಕ್ ಹಾಕುತ್ತದೆ. ಬರಬೇಕಾದದ್ದು ಹಿಮ್ಮಡಿ ಮೇಲಕ್ಕೆ, ಮೊಣಕಾಲು ಮುಂದಕ್ಕಲ್ಲ. ಪರೀಕ್ಷೆ ಬೇಕಾ? ಅಂಗಾತ ಮಲಗಿ ಇದೇ ಒದೆತ ಮಾಡಿ. ಮೊಣಕಾಲು ನೀರಿನಿಂದ ಹೊರಗೆ ಬಂದರೆ ನೀವು ಮುಂದಕ್ಕೆ ಎಳೆಯುತ್ತಿದ್ದೀರಿ.

ಮೊಣಕಾಲಿನ ಒಳಬದಿಯಲ್ಲಿ ಚುಚ್ಚಿದಂತೆ ನೋವು ಬಂದರೆ ಅಂದೇ ನಿಲ್ಲಿಸಿ. ಮೊಣಕಾಲನ್ನು ತೀರಾ ಅಗಲಿಸಿದಾಗ, ಬೆಚ್ಚಗಾಗದೆ ಜೋರಾಗಿ ಒದ್ದಾಗ ಅಲ್ಲಿ ಮೂಳೆಗಳನ್ನು ಹಿಡಿದಿಡುವ ಅಸ್ಥಿರಜ್ಜು ಎಳೆದುಕೊಳ್ಳುತ್ತದೆ. "ಅಭ್ಯಾಸವಾದರೆ ಹೋಗುತ್ತೆ" ಅನ್ನುವವರ ಮಾತು ಕೇಳಬೇಡಿ.

ಬರೀ ಕಾಲಿನಿಂದ, ಕಿಕ್‌ಬೋರ್ಡ್ ಹಿಡಿದು 25 ಮೀಟರ್ ಆರಾಮಾಗಿ ಮುಟ್ಟುವವರೆಗೆ ಕೈಗೆ ಕೆಲಸ ಕೊಡಬೇಡಿ. ಇದು ನನ್ನ ಹಟ ಅಂತಲೇ ಇಟ್ಟುಕೊಳ್ಳಿ. ಸಮ್ಮರ್ ಬ್ಯಾಚ್‌ಗಳಲ್ಲಿ ಮೂರನೇ ದಿನವೇ ಕೈ, ಕಾಲು, ಉಸಿರು ಎಲ್ಲ ಒಟ್ಟಿಗೆ ಮಾಡಿಸುತ್ತಾರೆ, ತಿಂಗಳ ಕೊನೆಗೆ ಯಾವುದೂ ಸರಿ ಬಂದಿರುವುದಿಲ್ಲ.

ಹಂತ 5: ಕೈ

ಕೈ ಸುಲಭ, ಜಾಸ್ತಿ ಮಾಡದಿದ್ದರೆ. ಕೈ ಮುಂದೆ ಚಾಚಿದ ಸ್ಥಿತಿಯಿಂದ ಶುರು. ಅಂಗೈ ಸ್ವಲ್ಪ ಹೊರಗೆ ತಿರುಗಿಸಿ ಹೆಗಲಿಗಿಂತ ತುಸು ಅಗಲವಾಗುವವರೆಗೆ ನೀರನ್ನು ಬಿಡಿಸಿ. ಅಲ್ಲಿಂದ ಮೊಣಕೈ ಮಡಚಿ, ರೊಟ್ಟಿ ಹಿಟ್ಟು ನಾದಿದ ಮೇಲೆ ಪರಾತದ ಅಂಚಿಗೆ ಅಂಟಿದ್ದನ್ನು ಎರಡೂ ಕೈಯಿಂದ ನಡುವಿಗೆ ಬಳಿದುಕೊಳ್ಳುತ್ತೇವಲ್ಲ, ಹಾಗೆ ನೀರನ್ನು ಗದ್ದದ ಕೆಳಗೆ ತನ್ನಿ. ಕೈ ಸೇರಿದ ಕೂಡಲೇ, ನಿಲ್ಲದೆ, ಮುಂದಕ್ಕೆ ಚಾಚಿ.

ಕೈ ಹೆಗಲಿನಿಂದ ಹಿಂದಕ್ಕೆ ಹೋಗಬಾರದು. ಎರಡೂ ಅಂಗೈ ಸದಾ ನಿಮ್ಮ ಕಣ್ಣಿಗೆ ಕಾಣುತ್ತಿರಬೇಕು. ಹೊಸಬರು ತೊಡೆಯವರೆಗೂ ಎಳೆಯುತ್ತಾರೆ. ಜೋರಾಗಿ ಹೋದಂತೆ ಅನಿಸುತ್ತದೆ, ಆದರೆ ಅಷ್ಟು ದೂರದಿಂದ ಕೈ ವಾಪಸ್ ತರುವಾಗ ಮೈ ಮುಳುಗುತ್ತದೆ. ಸ್ಪರ್ಧೆಯ ನಿಯಮದಲ್ಲೂ, ಡೈವ್ ಹೊಡೆದ ಮೇಲಿನ ಮತ್ತು ಪ್ರತಿ ತಿರುವಿನ ನಂತರದ ಮೊದಲ ಎಳೆತ ಬಿಟ್ಟರೆ ಕೈ ಸೊಂಟದ ಗೆರೆ ದಾಟುವಂತಿಲ್ಲ. ಕೈ ಸೇರಿದಾಗ ಎದೆಯ ಹತ್ತಿರ ಪ್ರಾರ್ಥನೆ ಮಾಡುವಂತೆ ನಿಲ್ಲಿಸುವುದೂ ತಪ್ಪು. ಅಲ್ಲಿ ನಿಂತರೆ ಮುಳುಗುತ್ತೀರಿ.

ಹಂತ 6: ಕೈ ಜೊತೆ ಉಸಿರು

ಮೊದಲು ನಿಂತು, ನಡು ಬಗ್ಗಿಸಿ, ಮುಖ ನೀರಲ್ಲಿಟ್ಟು ಮಾಡಿ. ಕೈ ಒಳಗೆ ಬರುವಾಗ ಎದೆ ತಾನಾಗಿ ಏಳುತ್ತದೆ, ಆಗಲೇ ಬಾಯಿಂದ ಉಸಿರು. ಕೈ ಮುಂದೆ ಹೋಗುವಾಗ ಮುಖ ಕೈಗಳ ನಡುವೆ ವಾಪಸ್ ಒಳಗೆ. ಉಸಿರಿಗಾಗಿ ತಲೆ ಎತ್ತಬೇಡಿ, ಎದ್ದ ಎದೆಯ ಜೊತೆ ತಲೆ ಬರಲಿ. ಗದ್ದ ನೀರಿಗೆ ತಾಗುತ್ತಲೇ ಇದ್ದರೆ ಸಾಕು. ಕಣ್ಣು ಒಂದು ಮೀಟರ್ ಮುಂದಿನ ನೀರಿನ ಮೇಲೆ. ದಡದಲ್ಲಿ ಯಾರು ನಿಂತಿದ್ದಾರೆ ಎಂದು ನೋಡಿದಿರೋ, ಸೊಂಟ ಇಳಿಯಿತು.

ಹಂತ 7: ಎಲ್ಲ ಸೇರಿಸುವುದು

ಕ್ರಮ ಇದು: ಎಳೆ, ಉಸಿರು, ಒದೆ, ಜಾರು. ಮನಸ್ಸಿನಲ್ಲಿ ಹೇಳಿಕೊಳ್ಳುತ್ತಲೇ ಮಾಡಿ. ಕೈ ಎಳೆಯುವಾಗ ಕಾಲು ನೇರ ಇರುತ್ತದೆ. ಕೈ ಗದ್ದದ ಕೆಳಗೆ ಬರುವಾಗ ಕಾಲು ಮಡಚುತ್ತದೆ. ಕೈ ಮುಂದಕ್ಕೆ ಚಾಚಿದ ಮೇಲೆ ಒದೆತ. ಒದ್ದ ಮೇಲೆ ಕೈಕಾಲು ನೇರ, ಮುಖ ಒಳಗೆ, ಗುಳ್ಳೆ ಬಿಡುತ್ತ ಒಂದು, ಎರಡು ಎಣಿಸಿ.

ಕೈ, ಕಾಲು ಎರಡನ್ನೂ ಒಂದೇ ಹೊತ್ತಿಗೆ ಬಿಡಿಸಿ ಒಂದೇ ಹೊತ್ತಿಗೆ ಮುಚ್ಚುವುದು ಎಲ್ಲರೂ ಮಾಡುವ ತಪ್ಪು. ಕೈ ಮುಂದಕ್ಕೆ ಎಳೆಯುವಷ್ಟರಲ್ಲಿ ಮಡಚಿಕೊಂಡ ಕಾಲು ಹಿಂದಕ್ಕೆ ತಡೆಯುತ್ತದೆ, ಲೆಕ್ಕ ಸೊನ್ನೆ. ಸರಿ ಮಾಡಲು ಒಂದು ಒಳ್ಳೆಯ ಅಭ್ಯಾಸ ಇದೆ: ಒಂದು ಸಲ ಕೈ, ಎರಡು ಸಲ ಕಾಲು. ಎರಡನೇ ಒದೆತದ ಹೊತ್ತಿಗೆ ಕೈ ಮುಂದೆ ಚಾಚಿಯೇ ಇರಬೇಕು. ಹೀಗೆ ನಾಲ್ಕೈದು ಉದ್ದ ಮಾಡಿದ ಮೇಲೆ ಒಂದಕ್ಕೊಂದು ಮಾಡಿ, ತಾಳ ತಾನಾಗಿ ಕೂಡುತ್ತದೆ.

ಇನ್ನೊಂದು ತಪ್ಪು ಅವಸರ. ಜಾರುವ ಹೊತ್ತಿನಲ್ಲಿ ಏನೂ ಮಾಡದೆ ಇರಲು ಜನಕ್ಕೆ ಆಗುವುದೇ ಇಲ್ಲ, ಮುಳುಗಿಬಿಡುತ್ತೇನೆ ಅನಿಸಿ ತಕ್ಷಣ ಮತ್ತೆ ಕೈ ಎಳೆಯುತ್ತಾರೆ. ಮುಳುಗುವುದಿಲ್ಲ. ಹಂತ 2ರಲ್ಲಿ ನೋಡಿದ್ದೀರಲ್ಲ. ಒದ್ದ ಒದೆತದ ಫಲ ಸಿಗುವುದು ಆ ಎರಡು ಎಣಿಕೆಯಲ್ಲೇ. 25 ಮೀಟರ್‌ಗೆ ಎಷ್ಟು ಸ್ಟ್ರೋಕ್ (ಒಂದು ಎಳೆತ, ಒಂದು ಒದೆತ ಸೇರಿ ಒಂದು) ಬೇಕಾಯಿತು ಎಂದು ಎಣಿಸಿ. ಗಡಿಯಾರ ನೋಡಬೇಡಿ, ಈ ಸಂಖ್ಯೆ ಇಳಿಯುತ್ತಿದೆಯಾ ಎಂದು ಮಾತ್ರ ನೋಡಿ.

ಇನ್ನೂ ಕೇಳುವ ಕೆಲವು

ಎಷ್ಟು ದಿನ ಬೇಕು? ದಿನಕ್ಕೊಂದು ಗಂಟೆ ತಪ್ಪದೆ ಹೋದರೆ ಹೆಚ್ಚಿನ ದೊಡ್ಡವರು ಒಂದು, ಒಂದೂವರೆ ತಿಂಗಳಲ್ಲಿ ನಿಲ್ಲದೆ 25 ಮೀಟರ್ ಮುಟ್ಟುತ್ತಾರೆ. ನೀರಿನ ಭಯ ಜಾಸ್ತಿ ಇದ್ದರೆ ಇನ್ನಷ್ಟು. "ಏಳು ದಿನದಲ್ಲಿ ಗ್ಯಾರಂಟಿ" ಎಂಬ ಬೋರ್ಡ್ ನಂಬಬೇಡಿ.

ಕಾಲು ಹಿಡಿದುಕೊಂಡರೆ? ಮೀನಖಂಡ ಗಂಟು ಕಟ್ಟಿದಾಗ ಗಾಬರಿಯಾಗಬೇಡಿ. ಅಂಗಾತ ತೇಲಿ, ಕೈಯಿಂದಲೇ ದಡಕ್ಕೆ ಬಂದು ಕಾಲು ನೇರ ಮಾಡಿ, ಪಾದದ ಬೆರಳುಗಳನ್ನು ನಿಮ್ಮ ಕಡೆಗೆ ಎಳೆದುಕೊಳ್ಳಿ.

ಕಿವಿಗೆ ನೀರು ಹೋದರೆ? ತಲೆ ಆ ಕಡೆ ವಾಲಿಸಿ ಕಿವಿಯ ಹಾಲೆ ಮೃದುವಾಗಿ ಎಳೆಯಿರಿ. ಕಡ್ಡಿ, ಪಿನ್, ಬಡ್ಸ್ ಹಾಕಬೇಡಿ.

ಮಕ್ಕಳನ್ನು ಕರೆದುಕೊಂಡು ಹೋದರೆ? ಕೈಗೆ ಎಟಕುವಷ್ಟು ಹತ್ತಿರ ಇರಿ, ಮೊಬೈಲ್ ಬ್ಯಾಗಿನಲ್ಲಿರಲಿ. ಮುಳುಗುವ ಮಗು ಸಿನಿಮಾದಲ್ಲಿ ತೋರಿಸುವಂತೆ ಕೂಗುವುದಿಲ್ಲ. ತಲೆ ಹಿಂದಕ್ಕೆ ವಾಲಿ, ಬಾಯಿ ನೀರಿನ ಮಟ್ಟದಲ್ಲಿದ್ದು, ಸದ್ದಿಲ್ಲದೆ ಹೋಗುತ್ತದೆ.

ಹಂತ 8: ಆಳದ ಕಡೆ ಹೋಗುವ ಮೊದಲು

25 ಮೀಟರ್ ಬಂತು ಎಂದು ನೇರ ಆಳಕ್ಕೆ ಹೋಗಬೇಡಿ. ಕಾಲು ನೆಲಕ್ಕೆ ಸಿಗುವ ಕಡೆ ಈಜಿದ ಧೈರ್ಯ ಬೇರೆ, ಸಿಗದ ಕಡೆ ಬೇರೆ. ಮೊದಲು ನಿಂತಲ್ಲೇ ತೇಲುವುದನ್ನು ಕಲಿಯಿರಿ. ಮೈ ನೆಟ್ಟಗಿರಲಿ, ಕುರ್ಚಿಯಲ್ಲಿ ಕುಳಿತ ಹಾಗೆ ಕಾಲು ಮಡಚಿ ಅದೇ ಕಪ್ಪೆ ಒದೆತವನ್ನು ಕೆಳಕ್ಕೆ ಸಣ್ಣದಾಗಿ ಮಾಡಿ. ಅಂಗೈಗಳು ನೀರಿನ ಕೆಳಗೆ ಎಡಕ್ಕೆ ಬಲಕ್ಕೆ ಸವರುತ್ತಿರಲಿ. ಗದ್ದ ಮಾತ್ರ ಮೇಲೆ, ಹೆಗಲು ಎತ್ತಲು ಹೋದರೆ ಸುಸ್ತಾಗುತ್ತೀರಿ.

ಎದೆಮಟ್ಟದ ನೀರಲ್ಲಿ, ನೆಲ ಮುಟ್ಟದೆ ಎರಡು ನಿಮಿಷ ಹೀಗೆ ಇರಲು ಬರಬೇಕು. ಅಂಗಾತ ಒಂದು ನಿಮಿಷ ತೇಲಲು ಬರಬೇಕು. ಈಜುತ್ತಾ ನಡುವೆ ನಿಲ್ಲಿಸಿ ಬೋರಲಿನಿಂದ ಅಂಗಾತಕ್ಕೆ, ಅಂಗಾತದಿಂದ ಬೋರಲಿಗೆ ಹೊರಳಲು ಬರಬೇಕು. ಈ ಮೂರೂ ಬಂದ ದಿನ ಕೋಚ್‌ಗೆ ಹೇಳಿ, ಅವರು ದಡದಲ್ಲಿ ನಿಂತಿರುವಾಗ, ಗೋಡೆಯ ಪಕ್ಕದ ಸಾಲಿನಲ್ಲಿ ಆಳದ ಕಡೆಗೆ ಹೋಗಿ. ಮೊದಲ ಕೆಲವು ಸಲ ಗೋಡೆ ಮುಟ್ಟಿದ ಮೇಲೆ ಅಂಚು ಹಿಡಿದು ನಾಲ್ಕು ಉಸಿರು ತೆಗೆದುಕೊಂಡೇ ವಾಪಸ್ ಹೊರಡಿ.